ಬಾಲವನಕ್ಕೆ ರೈಡ್ ಯಾಕೆ?

ಪುತ್ತೂರಿನ ಪರ್ಲಡ್ಕದ ಬಾಲವನದ ಮಕ್ಕಳ ಜಾಗಕ್ಕೆ ವಂಡರ್‌ಲಾದಂಥ ರೈಡುಗಳು ಬಂದರೆ ಮಾತ್ರ ಜನ ಬಂದಾರು ಎಂಬ ಲೇಖನ ಓದಿದೆ. ಲೇಖಕರಿಗೆ ವಿಳಾಸ ತಪ್ಪಿದೆ. ಅಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕುಣಿಸಿದರು, ನಾಟಕ ಆಡಿಸಿದರು. ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದವರಿಗೆ ಮಗು ಟಿಕೇಟಿನ ಗಿರಾಕಿಯಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಹೊಡೆಯುವ ಊರಿದು. ಜಾರುಬಂಡಿಯ ಕಬ್ಬಿಣವನ್ನೇ ತುಕ್ಕಿನಿಂದ ಉಳಿಸಿಕೊಳ್ಳುವುದು ಕಷ್ಟ. ತಿರುಗುವ ತೊಟ್ಟಿಲಿನ ಬೋಲ್ಟು ಬಿಗಿ ಮಾಡುವವರು ಯಾರು, ಉದ್ಘಾಟನೆಗೆ ಬಂದ ಗಣ್ಯರೇ? ರೈಡಿಗೆ ಸುರಿಯುವ ದುಡ್ಡಿನಲ್ಲಿ ಒಬ್ಬ ಫಿಟ್ಟರ್, ಒಬ್ಬ ತೋಟಗಾರ, ನಾಟಕಕ್ಕೊಬ್ಬರು ಮಾಸ್ಟ್ರು ವರ್ಷವಿಡೀ ಇರಲಿ. ಸುಳ್ಯ, ಕಡಬದ ಶಾಲೆಗಳಿಂದ ಬರುವ ಮಕ್ಕಳಿಗೆ ಗಟ್ಟಿ ಉಯ್ಯಾಲೆ, ಮರದ ನೆರಳು, ಶುಚಿಯಾದ ಶೌಚಾಲಯ ಮೊದಲು ಸಿಗಲಿ. ರೈಡೇ ಬೇಕೆಂದರೆ ವಂಡರ್‌ಲಾ 2005ರಿಂದ ಬಿಡದಿಯಲ್ಲಿದೆ, ಬಸ್ಸು ಹತ್ತಿದರಾಯಿತು.