ಹೊಸ ಮಾಸ್ತರರ ಬೆರಳಿಗೆ ಮೊದಲು ಕನ್ನಡ ಬರಲಿ



ನಾನು ಕಾಗವಾಡ ತಾಲೂಕಿನ ಶಿರಗುಪ್ಪಿಯಲ್ಲಿ ಪ್ರೆಸ್ಸು ನಡೆಸುವವನು. ಓದಿದ್ದು ಪಿಯುಸಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪಾವತಿ ಪುಸ್ತಕ, ಪರೀಕ್ಷೆ ಬಂತೆಂದರೆ ಶಾಲೆಗಳ ಪ್ರಶ್ನೆಪತ್ರಿಕೆ ಅಚ್ಚು ಹಾಕುತ್ತೇನೆ. ಶಿಕ್ಷಕರ ತರಬೇತಿಯ ಬಗ್ಗೆ ಮಾತಾಡಲು ಇವನ್ಯಾರು ಎಂದು ನೀವು ಕೇಳಬಹುದು. ಆ ತರಬೇತಿ ಎಷ್ಟು ಗಟ್ಟಿ ಎಂಬುದು ಮೊದಲು ಗೊತ್ತಾಗುವುದೇ ನನ್ನಂಥ ಪ್ರೆಸ್ಸಿನವನಿಗೆ!

ಹೋದ ಪರೀಕ್ಷೆಯ ಹೊತ್ತಿಗೆ ಹೊಸ ಮಾಸ್ತರರೊಬ್ಬರು ಬಂದರು. ಬಿ.ಎಡ್. ಮುಗಿಸಿದವರು. ಬ್ಯಾಗಿನಲ್ಲಿ ಲ್ಯಾಪ್‌ಟಾಪು. ಆದರೆ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ ಮಾತ್ರ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದದ್ದು. "ಅಣ್ಣಾರ, ಇದನ್ನ ನೀವ ಟೈಪ್ ಮಾಡಿಸ್ರಿ. ನನಗ ಇಂಗ್ಲಿಷ್ ಟೈಪಿಂಗ್ ಬರ್ತದ, ಕನ್ನಡ ಬರೂದಿಲ್ರಿ" ಅಂದರು. "ತರಬೇತಿಯೊಳಗ ಕಲಿಸಲಿಲ್ಲೇನ್ರಿ ಸರ?" ಎಂದೆ. "ಪಿಪಿಟಿ ಮಾಡೂದು ಕಲಿಸಿದ್ರು, ಅದೂ ಇಂಗ್ಲಿಷ್‌ನ್ಯಾಗ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕನ್ನಡದಲ್ಲಿ ಪಾಠ ಹೇಳಬೇಕಾದವರಿಗೆ ಕನ್ನಡದ ಕೀಲಿಮಣೆಯನ್ನೇ ತೋರಿಸದೆ ಕಳಿಸಿದವರದು ತಪ್ಪು.

2015ರಲ್ಲಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಹಿಗ್ಗಿಸಿದರು. ಅದರೊಳಗೆ ಐ.ಸಿ.ಟಿ. ಎಂಬ ವಿಷಯವನ್ನೂ ಸೇರಿಸಿದರು. ಎರಡು ವರ್ಷ ಕಲಿತು ಬಂದವರ ಕೈಯಲ್ಲಿ ಒಂದು ಪುಟ ಕನ್ನಡ ಮೂಡದಿದ್ದರೆ ಆ ಕಲಿಕೆ ಯಾರ ಉದ್ಧಾರಕ್ಕೆ?

ಇದು ಟೈಪಿಂಗಿನ ಸಣ್ಣ ತಕರಾರು ಎಂದುಕೊಳ್ಳಬೇಡಿ. ನಮ್ಮದು ಗಡಿ. ಅತ್ತ ಮಿರಜ, ಇತ್ತ ಉಗಾರ. ಬೆಳಗಾದರೆ ಇಂಗ್ಲಿಷ್ ಮಾಧ್ಯಮ ಶಾಲೆಗಳ ಹಳದಿ ಬಸ್ಸುಗಳು ಊರೂರಿಗೆ ಬರುತ್ತವೆ. 2014ರ ಮೇ 6ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ. ಅಂದಿನಿಂದ ಮಾಧ್ಯಮ ಆರಿಸುವುದು ತಂದೆತಾಯಿಯ ಕೈಯಲ್ಲಿದೆ. ಕಂಪ್ಯೂಟರ್ ಎಂದರೆ ಇಂಗ್ಲಿಷ್, ಕನ್ನಡ ಎಂದರೆ ಹಲಗೆ ಬಳಪ ಎಂದು ತಾಯಿಯೊಬ್ಬಳಿಗೆ ಅನಿಸಿಬಿಟ್ಟರೆ ಅವಳು ಮಗುವನ್ನು ಯಾವ ಬಸ್ಸು ಹತ್ತಿಸುತ್ತಾಳೆ? ನೀವೇ ಹೇಳಿ.

ಸರ್ಕಾರ ಏನೂ ಮಾಡಲಿಲ್ಲವೆಂದಲ್ಲ. 2001ರ ಸುಮಾರಿಗೆ 'ಮಾಹಿತಿ ಸಿಂಧು' ಬಂತು. ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಎಂದರು. ಕಲಿಸಲು ಖಾಸಗಿ ಕಂಪನಿಗಳ ಬೋಧಕರು ಬಂದರು, ಗುತ್ತಿಗೆ ಮುಗಿದಾಗ ಹೋದರು. ಶಾಲೆಯಲ್ಲಿ ಉಳಿಯುವ ಮಾಸ್ತರರನ್ನು ತಯಾರು ಮಾಡದೆ ಯಂತ್ರ ತಂದಿಟ್ಟರೆ ಅದರ ಮೇಲೆ ಧೂಳು ಕೂರದೆ ಇನ್ನೇನಾದೀತು? ಕೇರಳವೂ ಆ ಹೊತ್ತಿನಲ್ಲೇ ಐಟಿ ಅಟ್ ಸ್ಕೂಲ್ ಶುರು ಮಾಡಿ ತನ್ನ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐ.ಸಿ.ಟಿ. ಪಠ್ಯಪುಸ್ತಕ ಕನ್ನಡದಲ್ಲೇ ಇದೆ, ಅಚ್ಚು ಹಾಕಿಸಿದ್ದು ಕೇರಳ ಸರ್ಕಾರ! ನಾವು ತಲೆ ತಗ್ಗಿಸಬೇಕಾದ ಮಾತಿದು.

ಕನ್ನಡದಲ್ಲಿ ಸಾಧನ ಇಲ್ಲವೆಂಬ ನೆಪ ಇನ್ನು ನಡೆಯದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಇದೆ. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಒಂದು 'ಎಫ್'. ನನ್ನ ಪ್ರೆಸ್ಸಿನ ಹುಡುಗಿ ಹದಿನೈದು ದಿನದಲ್ಲಿ ಕಲಿತಳು. ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗವಿದೆ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ವೇಷ ತೊಡಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಕಸ. ಯುನಿಕೋಡ್‌ನಲ್ಲಿ ಬರೆದದ್ದು ಶಿರಗುಪ್ಪಿಯಲ್ಲೂ ಕನ್ನಡ, ಬೀದರಿನಲ್ಲೂ ಕನ್ನಡ, ಫೋನಿನಲ್ಲೂ ಕನ್ನಡ.

ಇಷ್ಟು ಬಂದ ಶಿಕ್ಷಕ ಬೇರೆಯವರ ವಿಡಿಯೋ ಹಚ್ಚಿ ಸುಮ್ಮನೆ ಕೂರಬೇಕಿಲ್ಲ. ಕೃಷ್ಣೆಯ 2019ರ ಮಹಾಪೂರದ ಉಪಗ್ರಹ ಚಿತ್ರ ತೆರೆದು, ಮುಳುಗಿದ ಊರುಗಳ ಹೆಸರನ್ನು ಮಕ್ಕಳಿಂದಲೇ ಕನ್ನಡದಲ್ಲಿ ಬರೆಸಬಹುದು. ಅದು ಭೂಗೋಳದ ಪಾಠ, ಕಂಪ್ಯೂಟರಿನ ಪಾಠ, ಕನ್ನಡದ ಪಾಠ, ಮೂರೂ ಹೌದು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು: ಡಿ.ಎಡ್., ಬಿ.ಎಡ್. ಪಾಸಾಗಲು ಯುನಿಕೋಡ್ ಕನ್ನಡದಲ್ಲಿ ಬರೆಯುವ ಪ್ರಾಯೋಗಿಕ ಪರೀಕ್ಷೆ ಕಡ್ಡಾಯವಾಗಲಿ. ಎರಡು: ಡಯಟ್‌ಗಳಲ್ಲಿ ಹೊಸ ಶಿಕ್ಷಕರ ಕಂಪ್ಯೂಟರ್ ತರಬೇತಿ ಕನ್ನಡದಲ್ಲೇ ನಡೆಯಲಿ, ತರಬೇತಿಯ ಪುಸ್ತಕವೂ ಕನ್ನಡದಲ್ಲಿರಲಿ. ಮೂರು: ತರಬೇತಿ ಮುಗಿಸಿ ಹೋಗುವಾಗ ಪ್ರತಿ ಶಿಕ್ಷಕ ತನ್ನ ಕೈಯಾರೆ ಮಾಡಿದ ಒಂದು ಪಾಠ ತೋರಿಸಲಿ.

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ತರುಣರೇ, ನವೆಂಬರ್ ಒಂದರಂದು ಬಾವುಟ ಹಿಡಿಯುವ ನಿಮ್ಮ ಕೈಗಳಲ್ಲಿ ಎಷ್ಟೋ ಕೈಗಳು ದಿನವಿಡೀ ಕಂಪ್ಯೂಟರಿನ ಮೇಲೆಯೇ ಇರುತ್ತವೆ. ದಸರೆಗೆ ಊರಿಗೆ ಬಂದಾಗ ನಿಮ್ಮ ಶಾಲೆಯ ಹೊಸ ಮಾಸ್ತರರನ್ನು, ಅಕ್ಕೋರನ್ನು ಕಂಡು ಒಂದು ತಾಸು ಪಕ್ಕದಲ್ಲಿ ಕೂತು ಕನ್ನಡದ ಕೀಲಿಮಣೆ ಕಲಿಸಿ. ಬೇಡಿಕೆಯ ಪತ್ರಕ್ಕೆ ಸಹಿ ಹಾಕಿ ಕಳಿಸಿ, ಅಚ್ಚು ಹಾಕುವ ಕೆಲಸ ನನ್ನದು, ಬಿಟ್ಟಿ.

ಮಾಸ್ತರರು ಪ್ರಶ್ನೆಪತ್ರಿಕೆಯನ್ನು ತಾವೇ ಟೈಪ್ ಮಾಡಿಕೊಂಡು ಬಂದರೆ ನನ್ನ ಆದಾಯ ಕಡಿಮೆಯಾಗುತ್ತದೆ. ಆಗಲಿ. ಆ ನಷ್ಟ ನನಗೆ ಖುಷಿಯ ನಷ್ಟ.

ಸಿರಿಗನ್ನಡಂ ಗೆಲ್ಗೆ!