ಯಂತ್ರಕ್ಕೆ ಕಟ್ಟಳೆ ಇದೆ, ಜೋಡಿಸುವವನಿಗೆ?

ಮಂಜೇಶ್ವರದಿಂದ ಹೊಸದುರ್ಗದವರೆಗೆ ಬೀಗ ಹಾಕಿದ ಮನೆಗಳಿಗೆ ಕೊರತೆಯಿಲ್ಲ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಊರಲ್ಲಿ ವಯಸ್ಸಾದವರಿಬ್ಬರು, ಇಲ್ಲವೇ ಯಾರೂ ಇಲ್ಲ. ಹಾಗಾಗಿ ವಯರ್ ಬೇಡದ ಅಲಾರಂ, ವೈಫೈ ಕ್ಯಾಮರಾಗಳಿಗೆ ಈಗ ಬೇಡಿಕೆ. ಇದಕ್ಕೆಲ್ಲ ಲೈಸೆನ್ಸ್ ಬೇಕಾ ಎಂದು ಹಿರಿಯರು ಕೇಳುತ್ತಾರೆ. ರೇಡಿಯೊ ಇಟ್ಟುಕೊಳ್ಳಲೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿದ ತಲೆಮಾರು, ಕೇಳದೆ ಇರುತ್ತದೆಯೇ?

ಮನೆಯವರಿಗೆ ಬೇಡ. 865ರಿಂದ 868 ಮೆಗಾಹರ್ಟ್ಸ್ ಹಾಗೂ ವೈಫೈಯ 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುವ ಕಡಿಮೆ ಶಕ್ತಿಯ ಉಪಕರಣಗಳಿಗೆ ಕೇಂದ್ರ ಸರಕಾರ ಲೈಸೆನ್ಸ್ ವಿನಾಯಿತಿ ಕೊಟ್ಟಿದೆ. ಆದರೆ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಇಟಿಎ ಎಂಬ ಒಪ್ಪಿಗೆ ಇರಬೇಕು. ಅದನ್ನು ಪಡೆಯಬೇಕಾದವರು ತಯಾರಕರು ಅಥವಾ ಆಮದು ಮಾಡುವವರು. ತೊಡಕು ಬರುವುದು ಸೂಟ್‌ಕೇಸಿನಲ್ಲಿ ಬಂದ ಸಾಮಾನಿನಿಂದ. ಯುರೋಪ್ ಮಾದರಿಯ ಹಲವು ಅಲಾರಂಗಳು 868ಕ್ಕಿಂತ ತುಸು ಮೇಲೆ, ಅಮೆರಿಕದ ಕೆಲವು 900ರ ಮೇಲೆ ಕೆಲಸ ಮಾಡುತ್ತವೆ. 900ರ ಆಸುಪಾಸು ನಮ್ಮಲ್ಲಿ ಮೊಬೈಲ್ ಕಂಪೆನಿಗಳ ಜಾಗ. ಮಗ ಪ್ರೀತಿಯಿಂದ ತಂದದ್ದು ಎಂದು ಕಾನೂನು ಬಿಡುವುದಿಲ್ಲ.

ನಮ್ಮ ಚಿಂತೆ ಯಂತ್ರದ್ದಲ್ಲ. ಕ್ಯಾಮರಾಗಳಿಗಂತೂ 2025ರ ಎಪ್ರಿಲ್‌ನಿಂದ ಸೈಬರ್ ಭದ್ರತೆಯ ಪರೀಕ್ಷೆಯೂ ಕಡ್ಡಾಯವಾಗಿದೆ. ಕಾವಲುಗಾರರನ್ನು ಒದಗಿಸುವ ಏಜೆನ್ಸಿಗೆ 2005ರ ಕಾಯಿದೆಯಂತೆ ಲೈಸೆನ್ಸ್ ಬೇಕು, ಗೇಟಿನಲ್ಲಿ ನಿಲ್ಲುವವನ ಪೂರ್ವಾಪರವನ್ನೂ ವಿಚಾರಿಸಬೇಕು. ಆದರೆ ಮನೆಯೊಳಗೆಲ್ಲ ಓಡಾಡಿ, ಕಪಾಟು ಎಲ್ಲಿದೆ, ಹಿಂಬಾಗಿಲು ಹೇಗಿದೆ ಎಂದು ನೋಡಿ, ಕ್ಯಾಮರಾದ ಪಾಸ್‌ವರ್ಡನ್ನೂ ತಾನೇ ಹಾಕಿ ಹೋಗುವವನಿಗೆ ಅಂಥ ಲೈಸೆನ್ಸ್ ಇಲ್ಲ. ಅಂಗಡಿಗೆ ಪಂಚಾಯತಿನ ಕಾಗದ ಇದ್ದರೆ ಆಯಿತು. ಅಂಗಡಿಯೇ ಇಲ್ಲದವನಿಗೆ ಅದೂ ಬೇಡ. ಹೆಚ್ಚಿನವರು ಪ್ರಾಮಾಣಿಕ ದುಡಿಮೆಗಾರರೇ. ಆದರೂ ನಾಳೆ ಏನಾದರೂ ಆದರೆ ಯಾರನ್ನು ಕೇಳುವುದು ಮಾರಾಯ್ರೆ?

ದೆಹಲಿಯಲ್ಲಿ ಹೊಸ ಕಾಯಿದೆ ಆಗುವ ತನಕ ಕಾಯಬೇಕಿಲ್ಲ. ಜಿಲ್ಲೆಯ ಪೊಲೀಸರು ಪಂಚಾಯತು, ನಗರಸಭೆಗಳ ಜತೆ ಸೇರಿ ಈ ಕೆಲಸದವರ ಪಟ್ಟಿ ಮಾಡಿ, ಗುರುತುಚೀಟಿ ಕೊಡಲಿ. ಬೀಗ ಹಾಕಿದ ಮನೆಯ ಮಾಹಿತಿ ಕೊಡಲು ಪೊಲೀಸರ ಪೋಲ್ ಆ್ಯಪ್‌ನಲ್ಲಿ ಅವಕಾಶ ಇದೆ. ಈ ಪಟ್ಟಿಯೂ ಜನರ ಕೈಗೆ ಸಿಗಲಿ. ಮಲಯಾಳ ಓದಲು ಬಾರದ ಅಜ್ಜ ಅಜ್ಜಿಯರೇ ಇಂಥ ಮನೆಗಳಲ್ಲಿ ಇರುವುದರಿಂದ ಕನ್ನಡದಲ್ಲೂ ಇರಲಿ.

ಅಲ್ಲಿಯವರೆಗೆ ಮಾದರಿ ಸಂಖ್ಯೆ ಬರೆದ ಬಿಲ್ಲು ಕೇಳಿ ತೆಗೆದುಕೊಳ್ಳಿ. ಜೋಡಿಸಿದವನು ಗೇಟು ದಾಟಿದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಗೊತ್ತಾಗದಿದ್ದರೆ ಗಲ್ಫಿನಲ್ಲಿರುವ ಮಗನಿಗೆ ಫೋನು ಮಾಡಿ ಕೇಳಿ.