ಹೆಸರು ಕಳಚಿ ಬರುತ್ತಿರುವ ವಾದ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ 2024ರ ಮಾರ್ಚ್‌ನಲ್ಲಿ ಒಂದು ಪುಟ್ಟ ಕಾನೂನು ಮಾಡಿತು. ವಿಶ್ವ ಮತ್ತು ಜೀವ ಹೇಗೆ ಹುಟ್ಟಿದವು ಎಂಬ ‘ವೈಜ್ಞಾನಿಕ ಸಿದ್ಧಾಂತ’ಗಳ ಬಗ್ಗೆ ಮಕ್ಕಳು ಕೇಳಿದರೆ, ಉತ್ತರ ಹೇಳುವ ಶಿಕ್ಷಕರನ್ನು ಯಾರೂ ತಡೆಯುವಂತಿಲ್ಲ. ಅಷ್ಟೇ ಅದರ ಸಾರ. ಇದನ್ನು ಯಾರು ತಾನೇ ಬೇಡವೆಂದಾರು? ಆದರೆ ಮಸೂದೆಯ ಮೊದಲ ಕರಡಿನಲ್ಲಿ ‘ಇಂಟೆಲಿಜೆಂಟ್ ಡಿಸೈನ್’ ಎಂಬ ಹೆಸರಿತ್ತು. ಜೀವಿಗಳ ರಚನೆ ತಾನಾಗಿ ವಿಕಾಸವಾಗಲಾರದಷ್ಟು ಜಟಿಲ, ಯಾವುದೋ ಬುದ್ಧಿಶಕ್ತಿ ಅದನ್ನು ರೂಪಿಸಿರಲೇಬೇಕು ಎನ್ನುವ ವಾದವದು. ಆಮೇಲೆ ಹೆಸರನ್ನು ತೆಗೆದರು. ‘ವೈಜ್ಞಾನಿಕ’ ಎಂದರೆ ಯಾವುದು ಎಂಬುದನ್ನು ಮಾತ್ರ ಹೇಳದೆ ಬಿಟ್ಟರು. ನಮ್ಮ ಆತಂಕವಿರುವುದು ಹೀಗೆ ಖಾಲಿ ಬಿಟ್ಟ ಜಾಗದ ಬಗ್ಗೆ.

ಈ ವಾದ ಹೆಸರು ಬದಲಿಸುವುದು ಇದೇ ಮೊದಲಲ್ಲ. ಜೀವವಿಕಾಸ ಕಲಿಸಿದರೆ ‘ಸೃಷ್ಟಿ ವಿಜ್ಞಾನ’ವನ್ನೂ ಕಲಿಸಬೇಕು ಎಂದಿದ್ದ ಲೂಸಿಯಾನ ರಾಜ್ಯದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ರದ್ದುಮಾಡಿತು. ಆ ಹೊತ್ತಿಗೆ ತಯಾರಾಗುತ್ತಿದ್ದ ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಪಠ್ಯದ ಕರಡಿನಲ್ಲಿ ‘ಸೃಷ್ಟಿವಾದಿಗಳು’ ಎಂಬ ಪದ ಹೋಗಿ ‘ವಿನ್ಯಾಸದ ಪ್ರತಿಪಾದಕರು’ ಎಂಬುದು ಬಂತು. ತಿದ್ದುವ ಅವಸರದಲ್ಲಿ ಒಂದು ಕಡೆ ಹಳೆಯ ಇಂಗ್ಲಿಷ್ ಪದದ ಮೊದಲಕ್ಷರವೂ ಕೊನೆಯ ಅಕ್ಷರಗಳೂ ಹೊಸ ಪದಕ್ಕೆ ಅಂಟಿಕೊಂಡೇ ಉಳಿದವು.

2004ರ ಅಕ್ಟೋಬರ್‌ನಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿ ಇಂಟೆಲಿಜೆಂಟ್ ಡಿಸೈನನ್ನು ಜೀವಶಾಸ್ತ್ರದ ತರಗತಿಗೆ ತಂದಿತು. ಡಾರ್ವಿನ್ ಸಿದ್ಧಾಂತದಲ್ಲಿ ಲೋಪಗಳಿವೆ, ಬೇಕಾದವರು ‘ಪಾಂಡಾಸ್’ ಪುಸ್ತಕ ನೋಡಬಹುದು ಎಂಬ ಹೇಳಿಕೆಯನ್ನು ಮಕ್ಕಳ ಮುಂದೆ ಓದಬೇಕಿತ್ತು. ವಿಜ್ಞಾನ ಶಿಕ್ಷಕರು ಓದಲು ಒಪ್ಪಲಿಲ್ಲ. 11 ಪೋಷಕರು ಕೋರ್ಟ್ ಮೆಟ್ಟಿಲೇರಿದರು. ಮಂಡಳಿಯ ಪರ ಸಾಕ್ಷಿ ಹೇಳಿದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ, ವಿಜ್ಞಾನಕ್ಕೆ ತಾನು ಕೊಡುವ ವ್ಯಾಖ್ಯೆಯಂತೆ ಜ್ಯೋತಿಷವೂ ವೈಜ್ಞಾನಿಕ ಸಿದ್ಧಾಂತವೇ ಆಗುತ್ತದೆ ಎಂದು ಒಪ್ಪಿಕೊಳ್ಳಬೇಕಾಯಿತು. ಬ್ಯಾಕ್ಟೀರಿಯಾದ ಈಜುಬಾಲ ಅವರ ನೆಚ್ಚಿನ ಉದಾಹರಣೆ: ಒಂದು ಬಿಡಿಭಾಗ ತೆಗೆದರೂ ಅದು ನಿಂತುಹೋಗುತ್ತದೆ, ಆದ್ದರಿಂದ ಹಂತ ಹಂತವಾಗಿ ಬೆಳೆದಿರಲು ಸಾಧ್ಯವಿಲ್ಲ ಎಂದು. ಆದರೆ ಆ ಬಾಲದ ಸುಮಾರು ಹತ್ತು ಪ್ರೊಟೀನುಗಳಿಗೆ ಹತ್ತಿರದ ಸಂಬಂಧಿಗಳು ಪ್ಲೇಗ್ ರೋಗಾಣುವಿನಲ್ಲಿ ಸೂಜಿಯಂಥ ಸಾಧನವಾಗಿ, ವಿಷ ಚುಚ್ಚುವ ಬೇರೆಯದೇ ಕೆಲಸ ಮಾಡುತ್ತಿವೆ. ಇದನ್ನು ಕೋರ್ಟಿಗೆ ವಿವರಿಸಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಚರ್ಚಿಗೆ ಹೋಗುವ ಕ್ಯಾಥೊಲಿಕ್. ಅಲ್ಲಿ ಕಟಕಟೆ ಏರಿದ್ದು ದೇವರ ಮೇಲಿನ ನಂಬಿಕೆ ಅಲ್ಲವೇ ಅಲ್ಲ. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು: ಇದು ವಿಜ್ಞಾನವಲ್ಲ.

ನಮ್ಮ ಮಟ್ಟಿಗೆ ಅದಕ್ಕಿಂತ ಗಟ್ಟಿಯಾದ ತೀರ್ಪು ಕೆನಡಾದ ಹಿಮಪ್ರದೇಶದಿಂದ ಬಂದದ್ದು. ಮೀನಿನಿಂದ ನಾಲ್ಕು ಕಾಲಿನ ಪ್ರಾಣಿಗಳು ವಿಕಾಸವಾಗಿದ್ದರೆ ನಡುವಿನ ಜೀವಿ ಸುಮಾರು 37.5 ಕೋಟಿ ವರ್ಷ ಹಳೆಯ, ನದಿ ಹರಿದಿದ್ದ ಕಡೆಯ ಬಂಡೆಗಳಲ್ಲಿ ಇರಬೇಕು ಎಂದು ಜೀವಾಶ್ಮ ವಿಜ್ಞಾನಿ ನೀಲ್ ಶೂಬಿನ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದರು. ನಕ್ಷೆ ನೋಡಿ ಜಾಗ ಗೊತ್ತುಮಾಡಿಕೊಂಡು ವರ್ಷಾನುಗಟ್ಟಲೆ ಹುಡುಕಿದರು. ಡೋವರ್ ಮಂಡಳಿ ನಿರ್ಣಯ ಮಾಡಿದ ಅದೇ 2004ರಲ್ಲಿ ಎಲ್ಸ್‌ಮಿಯರ್ ದ್ವೀಪದಲ್ಲಿ ‘ಟಿಕ್ಟಾಲಿಕ್’ ಸಿಕ್ಕಿತು. ಮೈಗೆ ಮೀನಿನ ಹುರುಪೆ; ಆದರೆ ತಿರುಗುವ ಕತ್ತು, ಈಜುರೆಕ್ಕೆಯೊಳಗೆ ಮಣಿಕಟ್ಟಿನ ಮೂಳೆಗಳು. ಹೀಗೆ ಹೋಗಿ ಅಗೆಯಬಹುದಾದ ಒಂದು ಜಾಗವನ್ನೂ ವಿನ್ಯಾಸವಾದ ತೋರಿಸಿಲ್ಲ. ಏನು ಸಿಕ್ಕಿದರೂ ‘ಹಾಗೆಯೇ ರೂಪಿಸಲಾಗಿದೆ’ ಎನ್ನುವ ಮಾತನ್ನು ಸುಳ್ಳೆಂದು ತೋರಿಸುವ ಬಗೆಯೇ ಇಲ್ಲ. ಅದು ವಿಜ್ಞಾನದ ಸಾಲಿಗೆ ಸೇರದಿರುವುದು ಈ ಕಾರಣಕ್ಕೆ.

ಹಾಗಿದ್ದರೆ ಇಪ್ಪತ್ತು ವರ್ಷದ ಹಿಂದೆ ಮುಗಿದ ವಿಚಾರಕ್ಕೆ ಈಗೇಕೆ ಎಚ್ಚರಿಕೆ? ಸರ್ಕಾರಿ ಶಾಲೆ ಧರ್ಮವನ್ನು ಬೋಧಿಸುವಂತಿಲ್ಲ ಎಂಬ ನೆಲೆಯಲ್ಲಿ ಬಂದ ಡೋವರ್ ತೀರ್ಪು ಮುಖ್ಯವಾಗಿ ಆಧರಿಸಿದ್ದ ಅಳತೆಗೋಲುಗಳಲ್ಲೊಂದು 1971ರ ‘ಲೆಮನ್’ ಪ್ರಕರಣದ್ದು. ಸರ್ಕಾರದ ಕ್ರಮಕ್ಕೆ ಧಾರ್ಮಿಕೇತರ ಉದ್ದೇಶ ಇರಬೇಕು ಎಂಬುದು ಅದರ ಮುಖ್ಯ ಅಂಶ. 2022ರಲ್ಲಿ, ಮೈದಾನದಲ್ಲಿ ಪ್ರಾರ್ಥನೆ ಮಾಡಿದ ಫುಟ್‌ಬಾಲ್ ತರಬೇತುದಾರರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಆ ಅಳತೆಗೋಲನ್ನೇ ಕೈಬಿಟ್ಟಿತು. ಎರಡು ವರ್ಷದೊಳಗೆ ವೆಸ್ಟ್ ವರ್ಜೀನಿಯಾದ ಕಾನೂನು ಬಂತು. ಮುಂದಿನ ಮೊಕದ್ದಮೆಯಲ್ಲಿ ಡೋವರ್ ತೀರ್ಪು ಕೈಹಿಡಿಯುತ್ತದೆ ಎಂದು ನೆಮ್ಮದಿಯಿಂದ ಕೂರುವಂತಿಲ್ಲ.

ನಮ್ಮಲ್ಲೂ ಡಾರ್ವಿನ್ ಸಿದ್ಧಾಂತ ತಪ್ಪು, ಪಠ್ಯದಿಂದ ತೆಗೆಯಬೇಕು ಎಂದು ಕೇಂದ್ರದ ಸಚಿವರೊಬ್ಬರು 2018ರಲ್ಲಿ ಹೇಳಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ಅಕಾಡೆಮಿಗಳು ಒಟ್ಟಾಗಿ ಅದನ್ನು ತಳ್ಳಿಹಾಕಿದ್ದವು. 2023ರ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ಜೀವವಿಕಾಸದ ಭಾಗ ಹೊರಬಿತ್ತು. ಕಲಿಕೆಯ ಹೊರೆ ಇಳಿಸಲು ಎಂದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು, ಆಸಕ್ತರು ಸಹಿ ಹಾಕಿ ವಿರೋಧಿಸಿದರು. ಅಲ್ಲಿಯ ಕಾರಣ ಬೇರೆ, ಇಲ್ಲಿಯದು ಬೇರೆ. ಮಗುವಿನ ತಲೆಯಲ್ಲಿ ಉಳಿಯುವ ಖಾಲಿ ಜಾಗ ಒಂದೇ.

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗರು ಶಾಲಾ ಮಂಡಳಿಯ ಸಭೆಗಳಿಗೆ ಹೋಗಲಿ, ಜೀವಶಾಸ್ತ್ರದ ತರಗತಿಯಲ್ಲಿ ಏನು ಹೇಳುತ್ತಿದ್ದಾರೆ ಎಂದು ಕೇಳಲಿ. ಇಲ್ಲಿ ನಾವು, ಹತ್ತನೇ ತರಗತಿಗೆ ಆ ಪಾಠವನ್ನು ಮರಳಿಸಿ ಎಂದು ಕೇಳೋಣ. ಆ ಪುಸ್ತಕ ಓದಿ ಮುಂದೆ ಜೀವಶಾಸ್ತ್ರ ತೆಗೆದುಕೊಳ್ಳದ ಮಗು, ಜೀವವಿಕಾಸವನ್ನು ಸರಿಯಾಗಿ ಓದದೆಯೇ ಶಾಲೆ ಮುಗಿಸುತ್ತದೆ.